ಹಿಂದೆ ಕೋಲಾರದ ಕೆರೆಗಳನ್ನು ಕಟ್ಟಿದವರಿಗೆ ಕೂಲಿ ಸಿಗುತ್ತಿತ್ತೇ, ಅಥವಾ ಅದು ಬರೀ ಬಿಟ್ಟಿ ದುಡಿಮೆಯೇ?

ಎರಡೂ ಇದ್ದವು. ಪ್ರಾಚೀನ ಭಾರತದಲ್ಲಿ ರಾಜ್ಯವು ತೆರಿಗೆಯ ರೂಪದಲ್ಲಿ ಪಡೆಯುತ್ತಿದ್ದ ಕಡ್ಡಾಯ ದುಡಿಮೆಗೆ ವಿಷ್ಟಿ ಎಂಬ ಹೆಸರಿತ್ತು. ಊರವರು ಕೂಡಿ ಕೆರೆಕಟ್ಟೆ ಕಟ್ಟುವಾಗ ತಾನು ಬಾರದವನು ತನ್ನ ಆಳುಗಳನ್ನೂ ಎತ್ತುಗಳನ್ನೂ ಕಳುಹಿಸಬೇಕು, ಖರ್ಚಿನಲ್ಲಿ ಪಾಲು ಕೊಡಬೇಕು, ಆದರೆ ಫಲದಲ್ಲಿ ಅವನಿಗೆ ಪಾಲಿಲ್ಲ ಎಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಹಾಗೆ ಕಳುಹಿಸಲ್ಪಟ್ಟ ಆಳಿನ ಪಾಲೇನು ಎಂಬುದನ್ನು ಆ ನಿಯಮ ಹೇಳುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಈ ಮೌನವನ್ನೇ.

ಕೋಲಾರ ಸೀಮೆಯ ಶಾಸನಗಳಲ್ಲಿ ಬಿಟ್ಟುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ದತ್ತಿಗಳು ಕಾಣಿಸುತ್ತವೆ. ಕೆರೆ ಕಟ್ಟಿಸಿದವನಿಗೆ ಅಥವಾ ಅದರ ದುರಸ್ತಿಯ ಹೊಣೆ ಹೊತ್ತವನಿಗೆ ಕೆರೆಯ ಕೆಳಗಿನ ಗದ್ದೆಯನ್ನೋ ಫಸಲಿನ ಒಂದು ಭಾಗವನ್ನೋ ಬಿಟ್ಟುಕೊಡುವ ಏರ್ಪಾಡು ಅದು. ಕಲ್ಲಿನ ಮೇಲೆ ಹೆಸರು ಉಳಿದದ್ದು ಕಟ್ಟಿಸಿದವರದು. ಮಣ್ಣು ಅಗೆದು, ಏರಿಗೆ ಕಲ್ಲು ಹೊತ್ತ ಒಡ್ಡರಂಥ ಸಮುದಾಯಗಳ ಒಬ್ಬೊಬ್ಬರ ಹೆಸರು ಅಲ್ಲಿ ಸಿಗುವುದು ತೀರ ವಿರಳ. ತೂಬು ತೆರೆದು ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿಗೆ ಮಾತ್ರ ಸುಗ್ಗಿಯಲ್ಲಿ ಧಾನ್ಯದ ಆಯ ಸಲ್ಲುತ್ತಿತ್ತು, ಕೆಲವೆಡೆ ಇನಾಮು ಜಮೀನೂ ಇತ್ತು.

ಹಣದ ಕೂಲಿಯನ್ನೇ ನಂಬಿದ ದೊಡ್ಡ ಕಾರ್ಮಿಕ ಸಮೂಹ ಈ ಜಿಲ್ಲೆಯಲ್ಲಿ ರೂಪುಗೊಂಡದ್ದು 1880ರ ದಶಕದ ನಂತರ, ಚಿನ್ನದ ಗಣಿಗಳಲ್ಲಿ. ಆದರೂ ಹಳ್ಳಿಗಳಲ್ಲಿ ಸಾಲಕ್ಕಾಗಿ ದುಡಿಯುವ ಜೀತ ಉಳಿದೇ ಇತ್ತು. ಅದನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆ ಬಂದದ್ದು 1976ರಲ್ಲಿ.