ಅಲಾಯ್ ವೀಲ್ ಮೇಲಿನ ಕಂದು ಚುಕ್ಕೆ ಎಷ್ಟು ತೊಳೆದರೂ ಹೋಗ್ತಿಲ್ಲ, ಏನು ಮಾಡಲಿ?

ನೀವು ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ತಗೊಂಡಿದ್ದೀರಿ. ಮುಂದಿನ ಎರಡು ವೀಲ್ ತುಂಬಾ ಕಂದು ಚುಕ್ಕೆ. ವಾಟರ್ ವಾಶ್‌ನವರು ಆಸಿಡ್ ಹಾಕಿದರೆ ಹೋಗುತ್ತೆ ಅಂದಿದ್ದಾರೆ, ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಹಚ್ಚೋ ಗಟ್ಟಿ ರಕ್ಷಣಾ ಪದರ) ಮಾಡಿಸಬೇಕಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಆಸಿಡ್ ಹಾಕಿಸಬೇಡಿ.

ನನ್ನ ಬಿಎಂಡಬ್ಲ್ಯೂ ಝಡ್4 ಕಾರು ಬಂದ ಮೊದಲ ವರ್ಷ ಮನೆ ಹತ್ತಿರದ ಒಂದು ಕಡೆ ಇದನ್ನೇ ಮಾಡಿಸಿದೆ. ಹತ್ತು ನಿಮಿಷದಲ್ಲಿ ಫಳಫಳ ಅಂತ ಹೊಳೀತು. ಮಳೆಗಾಲ ಮುಗಿಯೋ ಹೊತ್ತಿಗೆ ಬೋಲ್ಟ್‌ಗಳ ಸುತ್ತ ಬಿಳಿಚಿಕೊಂಡು ಮೇಲಿನ ಪದರ ಸಿಪ್ಪೆ ಏಳೋಕೆ ಶುರುವಾಯ್ತು. ನಾಲ್ಕೂ ವೀಲ್ ಬಿಚ್ಚಿಸಿ, ಪೂರ್ತಿ ಕೆರೆಸಿ, ಹೊಸದಾಗಿ ಪೇಂಟ್ ಮಾಡಿಸಬೇಕಾಯ್ತು. ಹಿತ್ತಾಳೆ ದೀಪವನ್ನ ಹುಣಸೆಹಣ್ಣಲ್ಲಿ ತಿಕ್ಕಿ ಬೆಳಗೋದನ್ನ ನೋಡಿ ಬೆಳೆದವರಿಗೆ ಹುಳಿ ಹಾಕಿದರೆ ಲೋಹ ಹೊಳೆಯುತ್ತೆ ಅನ್ನೋ ನಂಬಿಕೆ ಸಹಜ. ಆದರೆ ವೀಲ್‌ನಲ್ಲಿ ನಿಮ್ಮ ಕೈಗೆ ಸಿಗೋದು ಲೋಹ ಅಲ್ಲ, ಅದರ ಮೇಲಿನ ಪೇಂಟ್ ಮತ್ತು ತೆಳುವಾದ ಲ್ಯಾಕರ್, ಅಂದರೆ ಪೇಂಟ್ ಕಾಯೋ ಪಾರದರ್ಶಕ ಪದರ. ಆಸಿಡ್ ಮೊದಲು ತಿನ್ನೋದು ಅದನ್ನೇ.

ಆ ಚುಕ್ಕೆಗಳು ಮಣ್ಣೂ ಅಲ್ಲ, ಕಬ್ಬಿಣ. ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡ್ ಮತ್ತು ಡಿಸ್ಕ್ ಸವೆದು ಸಣ್ಣ ಪುಡಿ ಏಳುತ್ತೆ. ಡಿಸ್ಕ್ ಎರಕದ ಕಬ್ಬಿಣ. ಬಿಸಿ ಬಿಸಿ ಪುಡಿ ಲ್ಯಾಕರ್‌ನಲ್ಲಿ ಕಚ್ಚಿಕೊಂಡು ಕೂತು, ನೀರು ಸೋಕಿದಾಗ ಅಲ್ಲೇ ತುಕ್ಕು ಹಿಡಿಯುತ್ತೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳೋದರಿಂದ ಮುಂದಿನ ವೀಲ್‌ಗೇ ಜಾಸ್ತಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ದಿನಾ ಓಡಾಡೋರಿಗೆ ಇದನ್ನ ವಿವರಿಸಬೇಕಾಗೇ ಇಲ್ಲ. ಪಾತ್ರೆ ತಿಕ್ಕೋ ಹಸಿರು ನಾರಿನಲ್ಲಿ ಉಜ್ಜಿದರೆ ಚುಕ್ಕೆ ಉಳಿಯುತ್ತೆ, ಹೊಳಪು ಹೋಗುತ್ತೆ. ಆ ಕಬ್ಬಿಣವನ್ನ ಕರಗಿಸಬೇಕು.

ಅದಕ್ಕೆ ಐರನ್ ರಿಮೂವರ್ ಅಂತ ಸಿಗುತ್ತೆ. ಆಸಿಡ್ ಇಲ್ಲದ್ದು, ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದಿರೋದನ್ನೇ ತಗೊಳ್ಳಿ. ಗಾಡಿ ನೆರಳಲ್ಲಿರಲಿ, ವೀಲ್ ಮುಟ್ಟಿದರೆ ತಣ್ಣಗಿರಬೇಕು. ನಂದಿ ಬೆಟ್ಟದಿಂದ ಇಳಿದು ಬಂದ ತಕ್ಷಣ ನೀರು ಹಾಕಲೇಬಾರದು. ಕಾದ ಡಿಸ್ಕ್‌ಗೂ ಅದು ಒಳ್ಳೇದಲ್ಲ, ವೀಲ್ ಮೇಲೆ ಕೆಮಿಕಲ್ಲೂ ಕ್ಷಣದಲ್ಲಿ ಒಣಗಿ ಕಲೆ ಬೀಳುತ್ತೆ. ಮೊದಲು ಬರೀ ನೀರಲ್ಲಿ ಧೂಳು ಇಳಿಸಿ, ಆಮೇಲೆ ಸ್ಪ್ರೇ ಮಾಡಿ ಮೂರ್ನಾಲ್ಕು ನಿಮಿಷ ಬಿಡಿ. ಕಬ್ಬಿಣ ಇರೋ ಕಡೆಯೆಲ್ಲ ನೇರಳೆ ಬಣ್ಣ ಒಸರಿ ಇಳಿಯುತ್ತೆ. ಮೊದಲ ಸಲ ನೋಡಿದಾಗ ಇಷ್ಟು ದಿನ ಇದೆಲ್ಲ ಇಲ್ಲೇ ಕೂತಿತ್ತಾ ಅನ್ನಿಸಿತ್ತು ನನಗೆ. ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಮೆತ್ತನೆ ಬ್ರಷ್‌ನಿಂದ ಆಡಿಸಿ, ಒಣಗೋಕೆ ಬಿಡದೆ ತೊಳೀರಿ. ವರ್ಷಗಟ್ಟಲೆ ಕೂತಿದ್ದರೆ ಇನ್ನೊಂದು ಸುತ್ತು ಬೇಕು. ಅಷ್ಟಾದರೂ ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಮೇಲೆ ಜಾರಿಸಿ ಕೊಳೆ ಎತ್ತೋ ಮೆತ್ತನೆ ಜೇಡಿಯಂಥ ಉಂಡೆ, ಸಾಕು. ಟಾರಿನ ಚುಕ್ಕೆ ಬೇರೆ ಥರ, ಅದಕ್ಕೆ ಟಾರ್ ರಿಮೂವರ್.

ಇನ್ನು ನೀರಿನ ವಿಷಯ, ನಮ್ಮೂರಲ್ಲಿ ಇದೇ ದೊಡ್ಡ ತಲೆನೋವು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರಲ್ಲಿ ವಾಹನ ತೊಳೆಯೋದನ್ನ ನಿಷೇಧಿಸಿ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಕಾವೇರಿ ನೀರು ಈ ಕೆಲಸಕ್ಕೆ ಬೇಡವೇ ಬೇಡ. ಬೋರ್ ನೀರು ಗಡಸು, ಹಾಗೇ ಒಣಗಿದರೆ ಬಿಳಿ ಸುಣ್ಣದ ಗುರುತು ಬೀಳುತ್ತೆ. ಬೋರ್ ನೀರಲ್ಲೇ ತೊಳೀರಿ, ಆದರೆ ಒಂದು ವೀಲ್ ಮುಗಿದ ಕೂಡಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗೋ ನೀರನ್ನ ಉಳಿಸಿ ಗಾಡಿಗೆ ಹಾಕೋರಿದ್ದಾರೆ. ಉದ್ದೇಶ ಒಳ್ಳೇದು, ಆದರೆ ಫಿಲ್ಟರ್‌ಗೆ ಹೋದ ನೀರಿಗಿಂತ ಅದರಲ್ಲಿ ಲವಣ ಹೆಚ್ಚು. ಅದು ಅಂಗಳ ತೊಳೆಯೋಕೆ ಇರಲಿ. ಹಿಡಿದಿಟ್ಟ ಮಳೆ ನೀರು ಒಂದು ಬಕೆಟ್ ಇದ್ದರೆ ಕೊನೆಯಲ್ಲಿ ಅದನ್ನ ಸುರೀರಿ, ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಸೆರಾಮಿಕ್ ಕೋಟಿಂಗ್ ಕೆಟ್ಟದ್ದಲ್ಲ. ಪುಡಿ ಕಚ್ಚಿಕೊಳ್ಳೋದು ಕಮ್ಮಿಯಾಗುತ್ತೆ, ತೊಳೆಯೋದು ಸುಲಭ. ಆದರೆ ಚುಕ್ಕೆ ಪೂರ್ತಿ ಹೋಗದೆ ಮಾಡಿಸಿದರೆ ಚುಕ್ಕೆಗೇ ಕೋಟಿಂಗ್ ಹಾಕಿದ ಹಾಗಾಗುತ್ತೆ. ಗುಂಡಿಗೆ ಬಿದ್ದು ರಿಮ್ ಬಾಗೋದನ್ನ, ಫುಟ್‌ಪಾತ್ ಕಲ್ಲಿಗೆ ಉಜ್ಜಿ ಗೀರಾಗೋದನ್ನ ಅದು ತಡೆಯಲ್ಲ. ನಾನಾಗಿದ್ದರೆ ಮೊದಲ ವರ್ಷ ಎರಡು ಮೂರು ತಿಂಗಳಿಗೊಮ್ಮೆ ವೀಲ್ ಸೀಲೆಂಟ್ (ಮೇಣದ ಹಾಗೆ ಹಚ್ಚೋ ತೆಳು ರಕ್ಷಣೆ) ಹಚ್ಚಿಕೊಂಡು, ವಾರಕ್ಕೊಮ್ಮೆ ಕಾರ್ ಶಾಂಪೂ ಹಾಕಿ ಸುಮ್ಮನೆ ತೊಳೀತಿದ್ದೆ. ವಾರ ವಾರ ತೊಳೆದರೆ ಐರನ್ ರಿಮೂವರ್ ಅಪರೂಪಕ್ಕೆ ಸಾಕು. ಆಯುಧ ಪೂಜೆಯ ಅರಿಶಿನ ಕುಂಕುಮವನ್ನೂ ಮಾರನೇ ದಿನವೇ ತೊಳೀರಿ, ತಿಂಗಳುಗಟ್ಟಲೆ ಬಿಟ್ಟರೆ ಬಣ್ಣ ಕೂರುತ್ತೆ.

ನಿಮ್ಮದು ಡೈಮಂಡ್ ಕಟ್ ಆಗಿದ್ದರೆ ಇನ್ನೂ ಹುಷಾರು. ಅದರ ಮಿಷಿನ್ ಮಾಡಿದ ಮುಖದ ಮೇಲೆ ಬಣ್ಣ ಇರಲ್ಲ, ಲ್ಯಾಕರ್ ಮಾತ್ರ. ಒಂದು ಸಣ್ಣ ಗೀರು ಸಾಕು, ನೀರು ಒಳಗೆ ಸೇರಿ ಲ್ಯಾಕರ್ ಅಡಿಯಲ್ಲಿ ಬಿಳಿ ಹುಳ ಹರಿದ ಹಾಗೆ ಗೆರೆ ಹಬ್ಬುತ್ತೆ. ಅದನ್ನ ತೊಳೆದು ಸರಿ ಮಾಡೋಕಾಗಲ್ಲ, ಮತ್ತೆ ಲೇತ್ ಹಿಡಿಸಬೇಕು, ಅದೂ ಪದೇ ಪದೇ ಆಗಲ್ಲ, ಪ್ರತಿ ಸಲ ಲೋಹ ಸವೆಯುತ್ತೆ.

ತೊಳೆದಾದ ಮೇಲೆ ಹಾಗೇ ನಿಲ್ಲಿಸಿ ಕವರ್ ಹೊದಿಸಬೇಡಿ. ಒದ್ದೆ ಡಿಸ್ಕ್ ತುಕ್ಕು ಹಿಡಿದು ಪ್ಯಾಡ್ ಅಂಟಿಕೊಳ್ಳಬಹುದು. ಒಂದು ರೌಂಡ್ ಮೆಲ್ಲಗೆ ಓಡಿಸಿ, ನಾಲ್ಕೈದು ಸಲ ಹಗುರವಾಗಿ ಬ್ರೇಕ್ ಹಿಡಿದು ಒಣಗಿಸಿ ತಂದು ನಿಲ್ಲಿಸಿ. ಮೊದಲ ಒಂದೆರಡು ಸಲ ಬ್ರೇಕ್ ಸರಿಯಾಗಿ ಹಿಡಿಯದೇ ಇರಬಹುದು, ಮುಂದಿನ ಗಾಡಿಯಿಂದ ದೂರ ಇರಿ.