‘ಜನ ಹೇಳಿದರು’ ಅಂತ ಬರೆದಿದ್ದೀರಿ, ಯಾವ ಜನ?

ಗಂಗಾವತಿಯ ಗೆಳೆಯರೇ,

ನಿಮ್ಮ ಲೇಖನ ಓದಿ ಬದಿಗಿಟ್ಟಿದ್ದೆ. ಬೇರೆ ಕೆಲಸ ಮಾಡುತ್ತಿದ್ದರೂ ಅದರ ಒಂದೆರಡು ಸಾಲು ತಲೆಯಲ್ಲಿ ಕೊರೆಯುತ್ತಲೇ ಇದ್ದವು. ಮತ್ತೆ ತೆಗೆದು ಓದಿದೆ, ಸಿಟ್ಟು ಜಾಸ್ತಿಯಾಯಿತು. ‘ಸದ್ಯಕ್ಕೆ ಪ್ರಕಟಿಸಲಾಗುತ್ತಿಲ್ಲ’ ಅಂತ ಒಂದು ಸಾಲು ಬರೆದು ಕಳಿಸಬಹುದಿತ್ತು. ಆದರೆ ಇದೇ ತಪ್ಪು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಬರುವ ಲೇಖನಗಳಲ್ಲಿ ಕಾಣುತ್ತಿದೆ. ಅದಕ್ಕೇ ನಿಮ್ಮ ಹೆಸರು ಬಿಟ್ಟು ಇಲ್ಲೇ ಉತ್ತರಿಸುತ್ತಿದ್ದೇನೆ.

ಲೇಖನ ನೋಡದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ನ್ಯೂಜಿಲೆಂಡಿನ ಮಾಜಿ ಪ್ರಧಾನಿ ಜಸಿಂಡಾ ಆರ್ಡರ್ನ್ ತಮ್ಮ ಬಹುಕಾಲದ ಸಂಗಾತಿ ಕ್ಲಾರ್ಕ್ ಗೇಫೋರ್ಡ್ ಅವರನ್ನು 2024ರ ಜನವರಿ 13ರಂದು ಮದುವೆಯಾದರು. ಆಗ ಅವರ ಮಗಳು ನೀವ್‌ಗೆ ಐದು ವರ್ಷ. ವರ್ಷಗಟ್ಟಲೆ ಒಟ್ಟಿಗೆ ಬಾಳಿ, ಮಗುವಾದ ಮೇಲೆ ಮದುವೆಯಾದ ರಾಜಕಾರಣಿಯ ಬಗ್ಗೆ ಜನರ ಅಭಿಪ್ರಾಯ ಏನು ಅನ್ನುವುದು ನಮ್ಮ ಗೆಳೆಯರ ಲೇಖನದ ವಿಷಯ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ನಿಮ್ಮ ಭಾಷೆ ಸರಾಗವಾಗಿದೆ. ಪ್ರಧಾನಿಯಾಗಿದ್ದಾಗಲೇ ಹೆತ್ತವರಲ್ಲಿ ಮೊದಲಿಗರು ಪಾಕಿಸ್ತಾನದ ಬೆನಜೀರ್ ಭುಟ್ಟೋ, 1990ರಲ್ಲಿ. ಬೆನಜೀರ್ ಹುಟ್ಟಿದ ಜೂನ್ 21ರಂದೇ, 2018ರಲ್ಲಿ, ಜಸಿಂಡಾ ಮಗಳೂ ಹುಟ್ಟಿದಳು ಅನ್ನುವ ವಿವರ ಹುಡುಕಿ ತಂದಿದ್ದೀರಿ. ಚೆನ್ನಾಗಿದೆ.

ಇನ್ನು ನನಗೆ ಸಿಟ್ಟು ಬರಿಸಿದ ಸಾಲುಗಳು. ಲೇಖನ ಶುರುವಾಗುವುದೇ ಹೀಗೆ: ‘ಈ ಮದುವೆಯ ಸುದ್ದಿ ಕೇಳಿ ಇಡೀ ಜಗತ್ತೇ ಬೆರಗಾಯಿತು.’

ಯಾರು ಬೆರಗಾದರು, ಹೇಳಿ. ಇವರಿಬ್ಬರ ನಿಶ್ಚಿತಾರ್ಥದ ಸುದ್ದಿ 2019ರ ಮೇ ತಿಂಗಳಲ್ಲೇ ಹೊರಬಿದ್ದಿತ್ತು. ಬೆರಳಲ್ಲಿ ಹೊಸ ಉಂಗುರ ಕಂಡು ಪತ್ರಕರ್ತರು ಕೇಳಿದಾಗ ಪ್ರಧಾನಿ ಕಚೇರಿಯೇ ಹೌದು ಅಂದಿತ್ತು. 2023ರ ಜನವರಿಯಲ್ಲಿ ರಾಜೀನಾಮೆ ಹೇಳುವಾಗ, ಎಲ್ಲ ಕ್ಯಾಮೆರಾಗಳ ಎದುರು, ಇನ್ನಾದರೂ ಮದುವೆಯಾಗೋಣ ಅಂತ ಆಕೆ ಸಂಗಾತಿಗೆ ಹೇಳಿದ್ದರು. ಇಷ್ಟೆಲ್ಲ ಆದ ಮೇಲೆ ನಡೆದ ಮದುವೆಗೆ ಜಗತ್ತು ಬೆರಗಾಗಲು ಏನಿತ್ತು? ನಿಮಗೆ ಲೇಖನ ಜೋರಾಗಿ ಶುರು ಮಾಡಬೇಕಿತ್ತು, ಅದಕ್ಕೆ ಜಗತ್ತನ್ನು ಕರೆದುಕೊಂಡು ಬಂದಿರಿ.

ಎರಡನೇ ಪ್ಯಾರಾದಲ್ಲಿ, ‘ಅಧಿಕಾರದ ಆಸೆಗೆ ಮದುವೆಯನ್ನು ಮುಂದೂಡುತ್ತಾ ಬಂದರೆಂದು ಜನರು ಆಡಿಕೊಂಡರು.’

ಇದನ್ನು ಓದಿದಾಗ ನನಗೆ ನಿಜಕ್ಕೂ ಕೆಟ್ಟೆನಿಸಿತು. ಮದುವೆ 2022ರ ಬೇಸಿಗೆಗೆ ನಿಗದಿಯಾಗಿತ್ತು. ಅಲ್ಲಿ ಜನವರಿ ಅಂದರೆ ಬೇಸಿಗೆ. ಅಷ್ಟರಲ್ಲಿ ಕೋವಿಡ್‌ನ ಹೊಸ ತಳಿ ಒಮಿಕ್ರಾನ್ ಬಂತು. ಲಸಿಕೆ ಹಾಕಿಸಿಕೊಂಡವರಾದರೂ ಒಂದು ಕಡೆ 100 ಜನಕ್ಕಿಂತ ಹೆಚ್ಚು ಸೇರಬಾರದೆಂಬ ನಿಯಮ ಬಂತು. ನಿಯಮ ತಂದದ್ದು ಆಕೆಯ ಸರ್ಕಾರವೇ. ಅದನ್ನು ಪ್ರಕಟಿಸಿದ ದಿನವೇ ತಮ್ಮ ಮದುವೆಯೂ ನಿಂತಿತು ಅಂತ ಹೇಳಿದರು. ಆ ಕಾಲದಲ್ಲಿ ನಮ್ಮೂರಲ್ಲೂ ಎಷ್ಟು ಮದುವೆ ನಿಂತವು, ಕಲ್ಯಾಣ ಮಂಟಪದವರ ಹತ್ತಿರ ಮುಂಗಡ ವಾಪಸ್ ಕೇಳಲು ಎಷ್ಟು ಹೆಣ್ಣಿನ ತಂದೆಯಂದಿರು ಅಲೆದರು, ನಿಮಗೂ ಗೊತ್ತು. ಪ್ರಧಾನಿಯ ಮದುವೆಯೂ ಹಾಗೇ ನಿಂತಿತು ಅಂತ ಬರೆದಿದ್ದರೆ ಗಂಗಾವತಿಯ ಓದುಗನಿಗೆ ಆ ದೇಶ ಎಷ್ಟು ಹತ್ತಿರವಾಗುತ್ತಿತ್ತು! ನೀವು ಅದನ್ನು ಬಿಟ್ಟಿರಿ. ‘ಅಧಿಕಾರದ ಆಸೆ’ ಅನ್ನುವ ಮಾತು ತಂದಿರಿ, ತಂದು ಜನರ ಬಾಯಿಗೆ ಹಾಕಿದಿರಿ. ಅದೂ ಅಲ್ಲದೆ, ಇದೇ ಪ್ಯಾರಾದಲ್ಲಿ ಅವರು ‘ಪ್ರಧಾನಿಯಾಗಿದ್ದುಕೊಂಡೇ’ ಮದುವೆಯಾದರು ಅಂದಿದ್ದೀರಿ. ಮದುವೆಯಾಗುವ ಹೊತ್ತಿಗೆ ಕುರ್ಚಿ ಬಿಟ್ಟು ಸುಮಾರು ಒಂದು ವರ್ಷವಾಗಿತ್ತು.

ಮೂರನೇ ಪ್ಯಾರಾ: ‘ಮದುವೆ, ಮಕ್ಕಳ ಬಗ್ಗೆ ಜನರು ಅವರನ್ನು ಪದೇ ಪದೇ ಪ್ರಶ್ನಿಸಿದರು.’

ಕೇಳಿದವರು ಯಾರು, ಯಾವಾಗ ಕೇಳಿದರು ಅನ್ನುವುದು ದಾಖಲೆಯಲ್ಲೇ ಇದೆ. 2017ರ ಆಗಸ್ಟ್ 1ರಂದು ಆಕೆ ಲೇಬರ್ ಪಕ್ಷದ ನಾಯಕಿಯಾದರು. ಅವತ್ತು ರಾತ್ರಿಯೇ ಟೀವಿಯಲ್ಲಿ ಒಬ್ಬ ನಿರೂಪಕ ಮಕ್ಕಳ ಬಗ್ಗೆ ಕೇಳಿದ. ಮರುದಿನ ಬೆಳಗಿನ ಕಾರ್ಯಕ್ರಮದಲ್ಲಿ ಇನ್ನೊಬ್ಬ, ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಇದನ್ನು ತಿಳಿಯುವ ಹಕ್ಕಿದೆ ಅಂತ ವಾದಿಸಿದ. ಆಕೆ ಅವನ ಕಡೆ ಬೆರಳು ತೋರಿಸಿ, 2017ರಲ್ಲಿ ಇಂಥ ಮಾತನ್ನು ಒಪ್ಪಲಾಗದು ಅಂದರು. ಎಂಥ ದೃಶ್ಯ ಅಲ್ವಾ? ಇಬ್ಬರು ಗಂಡಸರು, ಎರಡು ಸ್ಟುಡಿಯೋ, ಒಂದು ಬೆರಳು. ಇದನ್ನು ನೀವು ‘ಜನರು ಪ್ರಶ್ನಿಸಿದರು’ ಅಂತ ಬರೆದಾಗ ಕೇಳಿದವರು ತಪ್ಪಿಸಿಕೊಂಡರು. ಪಾಪ, ಏನೂ ಕೇಳದ ಲಕ್ಷಾಂತರ ಮಂದಿ ಸಿಕ್ಕಿಬಿದ್ದರು.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ನಿಮಗೆ ಮುಂದೆ ಉಪಯೋಗಕ್ಕೆ ಬಂದೀತು. ಪಕ್ಕದ ಆಸ್ಟ್ರೇಲಿಯಾದಲ್ಲಿ ಜೂಲಿಯಾ ಗಿಲಾರ್ಡ್ 2010ರಿಂದ 2013ರವರೆಗೆ ಪ್ರಧಾನಿಯಾಗಿದ್ದರು. ಕ್ಯಾನ್‌ಬೆರಾದ ಪ್ರಧಾನಿ ನಿವಾಸ ‘ದಿ ಲಾಡ್ಜ್’ನಲ್ಲಿ ಮದುವೆಯಿಲ್ಲದೆ ಸಂಗಾತಿಯ ಜೊತೆ ಇದ್ದರು. ಮದುವೆ ಯಾಕಿಲ್ಲ, ಮಕ್ಕಳು ಯಾಕಿಲ್ಲ ಅನ್ನುವ ಮಾತು ಅವರ ಬೆನ್ನು ಬಿಡಲಿಲ್ಲ. ಅದೇ ಮನೆಯ ಅಂಗಳದಲ್ಲಿ 2025ರ ನವೆಂಬರ್ 29ರಂದು ಈಗಿನ ಪ್ರಧಾನಿ ಆಂಟನಿ ಆಲ್ಬನೀಸ್ ತಮ್ಮ ಸಂಗಾತಿ ಜೋಡಿ ಹೇಡನ್ ಅವರನ್ನು ಮದುವೆಯಾದರು. ಅಧಿಕಾರದಲ್ಲಿದ್ದಾಗಲೇ ಮದುವೆಯಾದ ಆ ದೇಶದ ಮೊದಲ ಪ್ರಧಾನಿ ಅವರು. ಈ ಎರಡು ಜೋಡಿಗೆ ಯಾರ್ಯಾರು ಏನೇನು ಅಂದರು ಅಂತ ಹುಡುಕಿ ಅಕ್ಕಪಕ್ಕ ಇಟ್ಟರೂ ಸಾಕು, ಒಂದು ಒಳ್ಳೆ ಲೇಖನ ಆಗುತ್ತೆ.

ಈಗ ನಿಮ್ಮ ಕೊನೆಯ ಪುಟಕ್ಕೆ ಬರುತ್ತೇನೆ. ನನ್ನನ್ನು ಕೂರಲು ಬಿಡದ ಸಾಲು ಇಲ್ಲಿದೆ: ‘ನಮ್ಮ ಭಾಗದ ಜನರಿಗೆ ಇಂಥ ಸಂಬಂಧವನ್ನು ಊಹಿಸಲೂ ಸಾಧ್ಯವಿಲ್ಲ. ಶಾಸ್ತ್ರೋಕ್ತ ಮದುವೆಯಿಲ್ಲದೆ ಕೂಡಿ ಬಾಳಿದವರು ನಮ್ಮಲ್ಲಿ ಇಲ್ಲವೇ ಇಲ್ಲ.’

ಇಲ್ಲವೇ? ಗಂಡ ಸತ್ತವಳಿಗೋ, ಗಂಡ ಬಿಟ್ಟವಳಿಗೋ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಿಕೆ ನಮ್ಮ ಕಡೆ ಎಷ್ಟೋ ಸಮುದಾಯಗಳಲ್ಲಿ ಇತ್ತು. ಹಂದರವಿಲ್ಲ, ಅಕ್ಷತೆಯಿಲ್ಲ, ಹಾಗಂತ ಆ ಮನೆಯನ್ನು ಯಾರೂ ಸಂಸಾರವಲ್ಲ ಅನ್ನಲಿಲ್ಲ. ಇನ್ನು ನಮ್ಮ ಮೂರು ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿ ಎಷ್ಟು ಹೆಣ್ಣುಮಕ್ಕಳನ್ನು ಹಾಳು ಮಾಡಿದೆ ಅಂತ ನಾನು ಹೇಳಬೇಕಿಲ್ಲ. 1982ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಬಂತು. ಅಪ್ಪನ ಹೆಸರು ಬರೆಸಲು ಆಗದೆ ಶಾಲೆಯ ಬಾಗಿಲಲ್ಲಿ ನಿಂತ ಮಕ್ಕಳು ನಮ್ಮ ಊರುಗಳಲ್ಲೇ ಇದ್ದರು. ಎರಡು ಊರಲ್ಲಿ ಎರಡು ಮನೆ ಇಟ್ಟಿದ್ದ ದೊಡ್ಡ ಮನುಷ್ಯರಿಗೆ ಓಟು ಹಾಕಿ ಗೆಲ್ಲಿಸಿದವರೂ ನಾವೇ. ಇದೆಲ್ಲ ಗೊತ್ತಿರುವ ಜನರ ಬಗ್ಗೆ ‘ಊಹಿಸಲೂ ಸಾಧ್ಯವಿಲ್ಲ’ ಅಂತ ಬರೆಯಲು ನಿಮಗೆ ಕೈ ಹೇಗೆ ಬಂತು?

ಅದರ ಕೆಳಗೇ ಇಡೀ ಲೇಖನದ ಒಳ್ಳೆಯ ಸಾಲು ಇದೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಾ ಕೂತಿದ್ದ ಹಿರಿಯರೊಬ್ಬರಿಗೆ ನೀವು ಈ ಸುದ್ದಿ ಓದಿ ಹೇಳುತ್ತೀರಿ. ಅವರು ‘ಮಗಳು ಸಾಲಿಗಿ ಹೊಂಟಾಳೇನು?’ ಅಂತ ಕೇಳಿ ನಗುತ್ತಾರೆ. ಇಷ್ಟು ಬರೆದು ನಿಲ್ಲಿಸಿದ್ದರೆ ನಿಮ್ಮ ಕೈ ಕುಲುಕುತ್ತಿದ್ದೆ. ನಿಲ್ಲಿಸಲಿಲ್ಲ. ಮುಂದೆ ಹೀಗಿದೆ: ‘ಅವರ ನಗುವಿನಲ್ಲಿ ನಮ್ಮ ಸಮಾಜದ ತಿರಸ್ಕಾರ ಎದ್ದು ಕಾಣುತ್ತಿತ್ತು.’

ಎಲ್ಲಿ ಕಂಡಿತು? ಆ ಹಿರಿಯರು ಮಗುವಿನ ಬಗ್ಗೆ ಕೇಳಿದರು. ರಾಜೀನಾಮೆಯ ದಿನ ಜಸಿಂಡಾ ಹೇಳಿದ್ದೂ ಅದನ್ನೇ. ಈ ವರ್ಷ ನೀನು ಶಾಲೆಗೆ ಸೇರುವಾಗ ನಾನು ಜೊತೆಗಿರುತ್ತೇನೆ ಅಂತ ಮಗಳಿಗೆ ಹೇಳಿದ್ದರು. ಎಲ್ಲಿಯ ನ್ಯೂಜಿಲೆಂಡ್, ಎಲ್ಲಿಯ ಗಂಗಾವತಿ! ಆ ತಾಯಿಯ ಮನಸ್ಸಿನಲ್ಲಿದ್ದದ್ದನ್ನೇ ಮಿರ್ಚಿ ತಿನ್ನುತ್ತಿದ್ದ ಮನುಷ್ಯ ಕೇಳಿದ್ದಾರೆ. ಮದುವೆ ಮೊದಲೋ ಮಗು ಮೊದಲೋ ಅನ್ನುವ ಗೋಜಿಗೇ ಹೋಗಿಲ್ಲ. ಜನಾಭಿಪ್ರಾಯ ಅಂದರೆ ಅದೇ ಇರಬಹುದಿತ್ತು. ಅದು ತಾನಾಗಿ ನಿಮ್ಮ ಕೈಗೆ ಬಂದಿತ್ತು, ನೀವು ಅದರ ಮೇಲೆ ‘ತಿರಸ್ಕಾರ’ ಅಂತ ಚೀಟಿ ಅಂಟಿಸಿಬಿಟ್ಟಿರಿ.

ನಾನು ಇಷ್ಟು ಕಟುವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಕೆಲಸ ನಾನು ಕಲಿತದ್ದೇ ಇಂಥದೊಂದು ಗದ್ದಲದ ನಡುವೆ. 1999ರ ಲೋಕಸಭಾ ಚುನಾವಣೆ. ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್. ದೆಹಲಿಯ ಟೀವಿಯವರೆಲ್ಲ ರಾಯಲ್ ಸರ್ಕಲ್ಲಿನಲ್ಲಿ ನಿಂತಿದ್ದರು. 1968ರಲ್ಲಿ ಆದ ಒಂದು ಮದುವೆಯ, ಸೋನಿಯಾ-ರಾಜೀವ್ ಮದುವೆಯ ಬಗ್ಗೆ ನಮ್ಮೂರಿನ ಗೋಡೆ ಗೋಡೆಯೂ ಮಾತಾಡುತ್ತಿತ್ತು. ವಿದೇಶಿ ಸೊಸೆಯೋ, ಸ್ವದೇಶಿ ಮಗಳೋ? ಬಳ್ಳಾರಿ ಜನ ಹೀಗಂತಾರೆ, ಹಾಗಂತಾರೆ ಅಂತ ದಿನಾ ಬರೆಯುತ್ತಿದ್ದರು.

ನಾನಾಗ ಊರಿನ ಒಂದು ಸಣ್ಣ ಪತ್ರಿಕೆಯಲ್ಲಿ ಹೊಸಬಳು. ನಮ್ಮ ಮುಖ್ಯ ಉಪಸಂಪಾದಕರು ಜಾಸ್ತಿ ಮಾತಾಡುವವರಲ್ಲ. ವರದಿಯಲ್ಲಿ ‘ಜನ’ ಅಂತ ಬಂದ ಕಡೆ ಕೆಂಪು ಪೆನ್ನಲ್ಲಿ ಪಕ್ಕದಲ್ಲಿ ‘ಯಾವ ಓಣಿ?’ ಅಂತ ಬರೆದು ವಾಪಸ್ ಕೊಡುತ್ತಿದ್ದರು. ದೊಡ್ಡ ದೊಡ್ಡ ವರದಿಗಾರರ ಕಾಗದಗಳೂ ಹಾಗೆ ವಾಪಸ್ ಹೋಗುವುದನ್ನು ಅವರ ಮೇಜಿನ ಪಕ್ಕ ನಿಂತು ನೋಡುತ್ತಿದ್ದೆ. ಒಂದು ದಿನ ನನ್ನನ್ನು ಕರೆದು, ಗಂಡಸರು ಕಟ್ಟೆಯ ಮೇಲೆ ಕೂತವರನ್ನಷ್ಟೇ ಮಾತಾಡಿಸಿ ಬರುತ್ತಾರೆ, ನೀನು ಒಳಗೆ ಹೋಗಿ ಬಾ ಅಂತ ಕೌಲ್ ಬಜಾರಿಗೆ ಕಳಿಸಿದರು.

ಅಲ್ಲಿ ಮನೆ ಬಾಗಿಲಲ್ಲಿ ಜೀನ್ಸ್ ಪ್ಯಾಂಟಿನ ರಾಶಿ ಹಾಕಿಕೊಂಡು ದಾರ ಕತ್ತರಿಸುತ್ತಿದ್ದ ಒಬ್ಬಾಕೆ ಸಿಕ್ಕಳು. ಕೈಯೆಲ್ಲ ನೀಲಿ. ಮಾತಾಡುವಾಗಲೂ ಕತ್ತರಿ ನಿಲ್ಲಲಿಲ್ಲ. ಸೊಸೆ ಹೊರಗಿನವಳು ಅಂತಾರಲ್ಲಮ್ಮ, ನೀವೇನಂತೀರಿ ಅಂತ ಕೇಳಿದೆ. ‘ನಾನೂ ಆದೋನಿಯಿಂದ ಬಂದಾಕಿ. ಬಂದಾಗ ಕನ್ನಡದಾಗ ನೀರು ಕೇಳಾಕೂ ಬರ್ತಿದ್ದಿಲ್ಲ. ಈಗ ಈ ಮನಿ ನಡೆಸೋದು ಯಾರು? ಸೊಸಿನ್ನ ಹೊರಗಿನಾಕಿ ಅನ್ನಬಾರದು’ ಅಂದಳು. ಹಾಗಾದರೆ ಓಟು ಸೋನಿಯಾಗೇ ಅಂತ ಬರೆದುಕೊಳ್ಳಲು ಹೊರಟೆ. ತಡೆದಳು. ‘ಓಟು ಆ ಇನ್ನೊಬ್ಬಾಕಿಗೆ. ಬಂದು ನಾಕು ದಿನದಾಗ ಕನ್ನಡ ಮಾತಾಡ್ತಾಳ. ಕಲಿಯೋದು ಎಷ್ಟು ಕಷ್ಟ ನನಗ ಗೊತ್ತೈತಿ.’ ಒಳಗಿನಿಂದ ಅವಳ ಅತ್ತೆ ಕೂಗಿದರು: ‘ನಂದು ಸೊಸಿಗೇ ಬರಕೋವ್ವಾ.’

ನಮ್ಮ ಮುಖ್ಯಸ್ಥರು ಅತ್ತೆ ಸೊಸೆ ಇಬ್ಬರ ಮಾತನ್ನೂ ಒಂದಕ್ಷರ ಬದಲಿಸದೆ ಹಾಕಿದರು. ಸೋನಿಯಾ ಸುಮಾರು 56 ಸಾವಿರ ಮತಗಳಿಂದ ಗೆದ್ದರು, ಆ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ಆದರೆ ಬೇರೊಬ್ಬರ ಮದುವೆಯನ್ನು ಒಬ್ಬ ಹೆಂಗಸು ತನ್ನ ಮದುವೆಯಿಂದ ಅಳೆಯುತ್ತಾಳೆ, ಓಟನ್ನು ಬೇರೆ ಕಡೆ ಹಾಕುತ್ತಾಳೆ ಅನ್ನುವುದು ಆ ಹೊಸ್ತಿಲಲ್ಲಿ ಕೂತಿದ್ದರಿಂದ ಗೊತ್ತಾಯಿತು. ಗೋಡೆಯ ಮೇಲಿನ ಎರಡೂ ಘೋಷಣೆಗಳಲ್ಲಿ ಆಕೆಗೆ ಜಾಗ ಇರಲಿಲ್ಲ. ನಿಮ್ಮ ಲೇಖನದಲ್ಲೂ ಅಂಥವರಿಗೆ ಜಾಗ ಇಲ್ಲ.

ಇನ್ನೊಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. ಮಗುವಿಗಿಂತ ಮೊದಲು ಮದುವೆಯಾಗಬೇಕಿತ್ತು ಅನ್ನುವುದು ನಿಮ್ಮದೇ ಅಭಿಪ್ರಾಯ ಅಲ್ವಾ? ಪುಟ ಪುಟದಲ್ಲೂ ಅದು ಕಾಣುತ್ತಿದೆ. ಇರಲಿ, ತಪ್ಪೇನಿಲ್ಲ. ನಾನು ಒಪ್ಪುವುದಿಲ್ಲ. ನ್ಯೂಜಿಲೆಂಡಿನಲ್ಲಿ ಮೂರು ವರ್ಷ ಕೂಡಿ ಬಾಳಿದವರಿಗೆ ಆಸ್ತಿಯ ವಿಷಯದಲ್ಲಿ ಗಂಡ ಹೆಂಡತಿಗಿರುವ ಹಕ್ಕೇ ಇದೆ. ಹಾಗಾಗಿ ಆಕೆ ಮದುವೆಯಾದದ್ದು ಆಸೆಪಟ್ಟೇ ಹೊರತು ಯಾವ ಒತ್ತಾಯಕ್ಕೂ ಅಲ್ಲ ಅಂತ ನನಗನ್ನಿಸುತ್ತೆ. ಆದರೆ ‘ನನಗೆ ಹೀಗನ್ನಿಸುತ್ತದೆ’ ಅಂತ ನಿಮ್ಮ ಹೆಸರಲ್ಲೇ ಬರೆದು ಕಳಿಸಿ, ಒಂದು ಸಾಲೂ ಕತ್ತರಿಸದೆ ಹಾಕುತ್ತೇನೆ. ಓದುಗರು ನಿಮ್ಮ ಜೊತೆ ಜಗಳ ಆಡಲಿ. ಜನರ ಹೆಸರಲ್ಲಿ ಬರೆದರೆ ಯಾರ ಜೊತೆ ಜಗಳ ಆಡಬೇಕು ಅಂತಲೇ ಅವರಿಗೆ ಗೊತ್ತಾಗಲ್ಲ.

ಲೇಖನದ ಉಳಿದ ಭಾಗದ ಬಗ್ಗೆ, ಮದುವೆ ನಡೆದ ವೈನ್ ತೋಟದ ವರ್ಣನೆ, ಮದುವೆ ಉಡುಪಿನ ಪ್ಯಾರಾ ಬಗ್ಗೆ ಈಗ ಏನೂ ಹೇಳುವುದಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ಆ ಹೋಟೆಲಿಗೆ ಮತ್ತೆ ಹೋಗಿ. ಆ ಹಿರಿಯರು ಸಿಕ್ಕರೆ ಯಾಕೆ ನಕ್ಕಿರಿ ಅಂತ ಕೇಳಿ, ಅವರ ಮನೆಯಲ್ಲಿ ಶಾಲೆಗೆ ಹೋಗುವ ಮೊಮ್ಮಗಳು ಇದ್ದಾಳಾ ಅಂತಲೂ ಕೇಳಿ. ಅವರು ನಿಮಗೇ ಬೈದರೆ ಬೈದದ್ದನ್ನೂ ಬರೆಯಿರಿ. ಭತ್ತದ ನಾಟಿಗೆ ಹೋಗುವ ಹೆಂಗಸರನ್ನು ಮಾತಾಡಿಸಿ, ರೈಸ್ ಮಿಲ್ಲಿನ ಹಮಾಲರನ್ನು ಮಾತಾಡಿಸಿ, ನಿಮ್ಮ ತಾಯಿಯನ್ನೂ ಬಿಡಬೇಡಿ. ಅವರವರ ಮಾತು ಅವರವರ ಬಾಯಲ್ಲೇ ಬರಲಿ, ಗ್ರಾಂಥಿಕ ಕನ್ನಡಕ್ಕೆ ತಿದ್ದುವುದು ಬೇಡ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ತಿಂಗಳ ಎರಡನೇ ಭಾನುವಾರಕ್ಕೆ ಅರ್ಧ ಪುಟ ಇಟ್ಟಿರುತ್ತೇನೆ. ಕೈಬರಹವಾದರೂ ಪರವಾಗಿಲ್ಲ.

— ಸಂಪಾದಕಿ, ಬಳ್ಳಾರಿ