ಎಂಎಲ್‌ಎಸ್ ನಿಜಕ್ಕೂ ಬೆಳೆದಿದೆಯಾ, ಇಲ್ಲ ಮೆಸ್ಸಿ ಹೆಸರಲ್ಲಿ ಓಡುತ್ತಿದೆಯಾ?

ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಎರಡಿವೆ. ಅಮೆರಿಕದ ಫುಟ್‌ಬಾಲ್ ಲೀಗು ಮೇಜರ್ ಲೀಗ್ ಸಾಕರ್, ಅಂದರೆ ಎಂಎಲ್‌ಎಸ್, ಮೆಸ್ಸಿ ಬಂದಮೇಲೆ ಬೆಳೆಯಿತೇ ಅನ್ನುವುದು ಒಂದು. ಅಲ್ಲಿನ ಆಟಕ್ಕೆ ಮಟ್ಟ ಅಂತ ಒಂದಿದೆಯೇ, ಇಲ್ಲ ಅದು ಯುರೋಪಿನಲ್ಲಿ ಆಡಿ ಸುಸ್ತಾದವರು ಪಿಂಚಣಿಗೆ ಹೋಗುವ ಜಾಗವೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಬೆಳೆದಿದೆ, ಮೆಸ್ಸಿ ಕಾಲಿಡುವ ಎಷ್ಟೋ ಮೊದಲೇ ಬೆಳೆದಿತ್ತು. ಎರಡನೆಯದಕ್ಕೆ: ಮೊದಲ ಹನ್ನೊಂದು ಜನ ಆಡುವಾಗ ಒಂದು ಮಟ್ಟ, ಬದಲಿ ಆಟಗಾರರು ಇಳಿದಮೇಲೆ ಇನ್ನೊಂದು ಮಟ್ಟ. ಈ ವ್ಯತ್ಯಾಸ ಯಾಕೆ ಅಂತ ಗೊತ್ತಾದರೆ ಲೀಗು ಅರ್ಥವಾದ ಹಾಗೆಯೇ.

ನಾನಿರುವುದು ಆರೆಗಾನ್ ರಾಜ್ಯದ ಹಿಲ್ಸ್‌ಬೊರೊದಲ್ಲಿ. ಇಲ್ಲಿ ಬ್ಲೂ ಲೈನ್ ರೈಲು ಹತ್ತಿದರೆ ಪೋರ್ಟ್‌ಲ್ಯಾಂಡಿನ ಪ್ರಾವಿಡೆನ್ಸ್ ಪಾರ್ಕ್ ಸ್ಟೇಡಿಯಂ ಪಕ್ಕದಲ್ಲೇ ಇಳಿಯಬಹುದು. ಹಾಗಾಗಿ ಉತ್ತರದಲ್ಲಿ ಅಲ್ಲಿನ ಎಂಎಲ್‌ಎಸ್ ತಂಡವಾದ ಪೋರ್ಟ್‌ಲ್ಯಾಂಡ್ ಟಿಂಬರ್ಸ್ ಕಡೆಗೆ ಸ್ವಲ್ಪ ವಾಲಿದಂತೆ ಕಂಡರೆ ಸಹಿಸಿಕೊಳ್ಳಿ.

ಹಳೆಯ ಕಥೆಯಿಂದ ಶುರು ಮಾಡಬೇಕು. ಎಂಎಲ್‌ಎಸ್‌ಗಿಂತ ಮೊದಲು ಇಲ್ಲಿ ಎನ್‌ಎಎಸ್‌ಎಲ್ ಅಂತ ಒಂದು ಲೀಗು ಇತ್ತು. ನ್ಯೂಯಾರ್ಕ್ ಕಾಸ್ಮೋಸ್ ತಂಡ 1975ರಲ್ಲಿ ಪೆಲೆಯನ್ನು ಕರೆತಂದಿತು. 1977ರ ಸೆಪ್ಟೆಂಬರಿನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ಗೆ ಬಂದು ಮೋಹನ್ ಬಾಗಾನ್ ಜೊತೆ 2-2 ಡ್ರಾ ಮಾಡಿಕೊಂಡು ಹೋದದ್ದು ಇದೇ ಕಾಸ್ಮೋಸ್. ಅವರನ್ನು ನೋಡಿ ಉಳಿದ ಮಾಲೀಕರೂ ಕೈಮೀರಿ ಖರ್ಚು ಮಾಡಿದರು, ತಂಡಗಳು ಒಂದೊಂದಾಗಿ ಬಾಗಿಲು ಹಾಕಿದವು, 1984ರ ಋತುವಿನ ನಂತರ ಲೀಗೇ ಇಲ್ಲವಾಯಿತು. 1994ರ ವಿಶ್ವಕಪ್ ನಮಗೆ ಕೊಟ್ಟರೆ ದೇಶದಲ್ಲೊಂದು ವೃತ್ತಿಪರ ಲೀಗು ಕಟ್ಟುತ್ತೇವೆ ಅಂತ ಅಮೆರಿಕ ಫಿಫಾಗೆ ಮಾತು ಕೊಟ್ಟಿತ್ತು. ಹಾಗೆ ಹುಟ್ಟಿದ್ದು ಎಂಎಲ್‌ಎಸ್. ಅದನ್ನು ಕಟ್ಟಿದವರ ತಲೆಯಲ್ಲಿ ಇದ್ದದ್ದು ಒಂದೇ ಭಯ: ಕಾಸ್ಮೋಸ್ ಕಥೆ ಮರುಕಳಿಸಬಾರದು.

ಅದಕ್ಕೇ ಇಡೀ ಲೀಗನ್ನು ಅವಿಭಕ್ತ ಕುಟುಂಬದ ಹಾಗೆ ಕಟ್ಟಿದರು. ಆಟಗಾರ ಸಹಿ ಹಾಕುವುದು ತಂಡದ ಜೊತೆ ಅಲ್ಲ, ಲೀಗಿನ ಜೊತೆ. ಮಾಲೀಕರು ಅನ್ನಿಸಿಕೊಂಡವರು ಕಾನೂನಿನ ಪ್ರಕಾರ ಲೀಗಿನಲ್ಲಿ ಹಣ ಹೂಡಿ ಒಂದು ತಂಡ ನಡೆಸುವವರು, ಅಷ್ಟೇ. ಸಂಬಳಕ್ಕೆ ಎಲ್ಲರಿಗೂ ಒಂದೇ ಮಿತಿ.

1996ರ ಏಪ್ರಿಲ್‌ನಲ್ಲಿ ಹತ್ತು ತಂಡಗಳೊಂದಿಗೆ ಶುರುವಾದಾಗ ಆಟದ ರೂಪ ಹೇಗಿತ್ತು ಅಂದರೆ, ಅಮೆರಿಕನ್ನರಿಗೆ ಡ್ರಾ ಹಿಡಿಸುವುದಿಲ್ಲ ಅಂತ, ಸಮಬಲವಾದರೆ ಆಟಗಾರ 35 ಗಜ ದೂರದಿಂದ ಚೆಂಡು ಓಡಿಸಿಕೊಂಡು ಬಂದು ಐದು ಸೆಕೆಂಡಿನೊಳಗೆ ಗೋಲ್‌ಕೀಪರ್‌ನನ್ನು ಸೋಲಿಸಬೇಕಿತ್ತು. ಗಡಿಯಾರ 45ರಿಂದ ಸೊನ್ನೆಗೆ ಇಳಿಯುತ್ತಿತ್ತು. ಯೂಟ್ಯೂಬಿನಲ್ಲಿ ಸಿಗುತ್ತದೆ, ನೋಡಿ ನಗಬಹುದು. 1999ರ ನಂತರ ಅದನ್ನೆಲ್ಲ ಕೈಬಿಟ್ಟರು. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 17 ಸಾವಿರ ದಾಟಿದ್ದ ಜನ 2000ರ ಹೊತ್ತಿಗೆ 14 ಸಾವಿರಕ್ಕಿಂತ ಕೆಳಗೆ ಇಳಿದರು. 2002ರ ಆರಂಭದಲ್ಲಿ ಟ್ಯಾಂಪಾ ಬೇ ಮತ್ತು ಆಗಿನ ಮಯಾಮಿ ತಂಡಗಳನ್ನು ಮುಚ್ಚಬೇಕಾಯಿತು. ಆಗ ಉಳಿದಿದ್ದ ಮಾಲೀಕರು ಮೂರೇ ಜನ: ಫಿಲ್ ಆನ್‌ಶುಟ್ಸ್, ಲಮಾರ್ ಹಂಟ್, ರಾಬರ್ಟ್ ಕ್ರಾಫ್ಟ್. ಒಂದು ಹಂತದಲ್ಲಿ ಆರು ತಂಡಗಳು ಆನ್‌ಶುಟ್ಸ್ ಒಬ್ಬರ ಕೈಯಲ್ಲೇ ಇದ್ದವು. ಇವತ್ತು ಲೀಗನ್ನು ಟೀಕಿಸುವವರು (ನಾನೂ ಸೇರಿ) ಈ ಮೂವರು ಅವತ್ತು ಕೈಚೆಲ್ಲಲಿಲ್ಲ ಅನ್ನುವುದನ್ನು ಮರೆಯಬಾರದು.

ಲೀಗನ್ನು ಎತ್ತಿ ನಿಲ್ಲಿಸಿದ್ದು ನನ್ನ ಪ್ರಕಾರ ಸ್ಟೇಡಿಯಂಗಳು. ಮೊದಲೆಲ್ಲ ಅಮೆರಿಕನ್ ಫುಟ್‌ಬಾಲಿನ 70 ಸಾವಿರ ಸೀಟಿನ ಬಟ್ಟಲಿನಲ್ಲಿ 12 ಸಾವಿರ ಜನ ಚದುರಿ ಕೂರುತ್ತಿದ್ದರು, ಬಾಡಿಗೆ ಬೇರೆ. 1999ರಲ್ಲಿ ಕೊಲಂಬಸ್ ಕ್ರೂ ತಂಡಕ್ಕಾಗಿ ಹಂಟ್ ಈ ಆಟಕ್ಕೇ ಮೀಸಲಾದ ಸ್ಟೇಡಿಯಂ ಕಟ್ಟಿಸಿದರು. ಆಮೇಲೆ ಒಂದರ ಹಿಂದೆ ಒಂದು. 2007ರಲ್ಲಿ ಕೆನಡಾದ ಟೊರೊಂಟೊ ಲೀಗಿಗೆ ಸೇರಲು ಕಟ್ಟಿದ್ದು 1 ಕೋಟಿ ಡಾಲರ್. 2025ರಲ್ಲಿ ಮೂವತ್ತನೇ ತಂಡವಾಗಿ ಬಂದ ಸ್ಯಾನ್ ಡಿಯೆಗೊ ಕೊಟ್ಟದ್ದು 50 ಕೋಟಿ. ಫ್ರೀಕಿಕ್‌ಗೆ ಹೆಸರಾದ ಇಂಗ್ಲೆಂಡಿನ ಡೇವಿಡ್ ಬೆಕ್ಹಮ್ 2007ರಲ್ಲಿ ಲಾಸ್ ಏಂಜಲೀಸ್ ಗ್ಯಾಲಕ್ಸಿಗೆ ಬರುವಾಗ, ಮುಂದೆ ಎರಡೂವರೆ ಕೋಟಿ ಡಾಲರಿಗೆ ಒಂದು ತಂಡ ಕೊಳ್ಳುವ ಹಕ್ಕನ್ನು ಒಪ್ಪಂದದಲ್ಲೇ ಬರೆಸಿಕೊಂಡಿದ್ದರು. ಅದೇ ಈಗಿನ ಇಂಟರ್ ಮಯಾಮಿ, ಮೆಸ್ಸಿ ಆಡುವ ತಂಡ. ಫ್ರೀಕಿಕ್‌ಗಿಂತ ಜಾಣತನದ ಹೊಡೆತ ಅದು. 2024ರಲ್ಲಿ ಸರಾಸರಿ ಪ್ರೇಕ್ಷಕರ ಸಂಖ್ಯೆ 23 ಸಾವಿರ ದಾಟಿತು. ಅದರಲ್ಲಿ ಮೆಸ್ಸಿಯ ಪಾಲು ಇದೆ. ಆದರೆ ಅಟ್ಲಾಂಟಾದಲ್ಲಿ 2018ರ ಎಂಎಲ್‌ಎಸ್ ಕಪ್ ಫೈನಲ್ (ಲೀಗಿನ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪಂದ್ಯ) ನೋಡಲು 73 ಸಾವಿರ ಜನ ಸೇರಿದಾಗ ಮೆಸ್ಸಿ ಇನ್ನೂ ಬಾರ್ಸಿಲೋನಾದಲ್ಲಿದ್ದರು.

ಹಣ, ಜನ, ಕಟ್ಟಡ ಬೆಳೆದಷ್ಟು ವೇಗವಾಗಿ ಆಟ ಬೆಳೆದಿಲ್ಲ. ಅದಕ್ಕೆ ಕಾರಣ ಲೀಗನ್ನು ಉಳಿಸಿದ ಅದೇ ಸಂಬಳದ ಮಿತಿಯ ನಿಯಮ.

2025ರಲ್ಲಿ ಒಂದು ತಂಡದ ಸಂಬಳದ ಮಿತಿ ಹೆಚ್ಚುಕಡಿಮೆ 60 ಲಕ್ಷ ಡಾಲರ್, ಅದೂ ಇಪ್ಪತ್ತು ಆಟಗಾರರಿಗೆ. ಬೆಕ್ಹಮ್‌ಗಾಗಿ ತಂದ ವಿನಾಯಿತಿ ಪ್ರಕಾರ ಮೂವರು 'ಡೆಸಿಗ್ನೇಟೆಡ್ ಪ್ಲೇಯರ್'ಗಳಿಗೆ ಎಷ್ಟು ಬೇಕಾದರೂ ಕೊಡಬಹುದು, ಮಿತಿಯ ಲೆಕ್ಕಕ್ಕೆ ಅದರ ಸಣ್ಣ ಪಾಲು ಮಾತ್ರ ಬರುತ್ತದೆ. ಇದರ ಮೇಲೆ 'ಅಲೊಕೇಶನ್ ಮನಿ' ಅನ್ನುವ ಇನ್ನೊಂದು ಲೆಕ್ಕ. ಹಲವು ವರ್ಷ ಲೀಗು ನೋಡಿದವರಿಗೂ ಪೂರ್ತಿ ತಲೆಗೆ ಹೋಗದ ವಿಷಯ, ಬಿಡಿ. ಆಟಗಾರರ ಸಂಘ ಎಲ್ಲರ ಸಂಬಳವನ್ನೂ ಪ್ರಕಟಿಸುತ್ತದೆ. 2025ರ ಪಟ್ಟಿಯಲ್ಲಿ ಮೆಸ್ಸಿಗೆ 2 ಕೋಟಿ ಡಾಲರಿಗೂ ಹೆಚ್ಚು. ಹಿರಿಯರ ಪಟ್ಟಿಯಲ್ಲಿರುವವನಿಗೆ ಕನಿಷ್ಠ ಸಂಬಳ ಒಂದು ಲಕ್ಷದ ಚಿಲ್ಲರೆ. ಒಂದೇ ಡ್ರೆಸ್ಸಿಂಗ್ ರೂಮ್. ಮೇಲೆ ಮೂರು ನಕ್ಷತ್ರ, ಕೆಳಗೆ ಕಾಲೇಜು ಮುಗಿಸಿ ಬಂದ ಹುಡುಗರು, ನಡುವೆ ಇರಬೇಕಾದ ಗಟ್ಟಿ ಆಟಗಾರರು ಕಡಿಮೆ. ಯುರೋಪಿನಲ್ಲಾಗಲಿ ಮೆಕ್ಸಿಕೊದಲ್ಲಾಗಲಿ ಹನ್ನೆರಡರಿಂದ ಹದಿನೆಂಟನೇ ಆಟಗಾರನವರೆಗೆ ಖರ್ಚು ಮಾಡುವ ಹಣವೇ ತಂಡದ ನಿಜವಾದ ತೂಕ. ಇಲ್ಲಿ ಅಲ್ಲೇ ಬಿಗಿ.

ಮೈದಾನದಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಟಿಂಬರ್ಸ್ ಗೋಲು ಹೊಡೆದಾಗ ಉತ್ತರ ತುದಿಯಲ್ಲಿ 'ಟಿಂಬರ್ ಜೋಯಿ' ಅನ್ನುವಾತ ಯಂತ್ರದ ಗರಗಸ ಎಳೆದು ದೊಡ್ಡ ಮರದ ದಿಮ್ಮಿಯಿಂದ ಒಂದು ಬಿಲ್ಲೆ ಕೊಯ್ಯುತ್ತಾನೆ. ಗರಗಸದ ಸದ್ದು, ಹೊಗೆ, ಹಸಿ ಮರದ ವಾಸನೆ; ಪಂದ್ಯ ಮುಗಿದಮೇಲೆ ಗೋಲು ಹೊಡೆದವನು ಆ ಬಿಲ್ಲೆಯನ್ನು ತಲೆಯ ಮೇಲೆ ಎತ್ತಿ ತೋರಿಸುತ್ತಾನೆ. ತೊಂಬತ್ತು ನಿಮಿಷ ಕೂರದೆ ಹಾಡುವ ಜನ. ಯುರೋಪಿನ ಯಾವ ಸ್ಟೇಡಿಯಂಗೂ ಈ ವಾತಾವರಣ ಕಡಿಮೆಯಲ್ಲ. ಕೆಳಗೆ ಹಾಸಿರುವುದು ಮಾತ್ರ ಕೃತಕ ಹುಲ್ಲು, ಚೆಂಡು ಬೇಡದ ಕಡೆ ಪುಟಿಯುತ್ತದೆ. ಮೊದಲ ಒಂದು ಗಂಟೆ ಆಟ ಸೊಗಸಾಗಿರುತ್ತದೆ: ಎದುರಾಳಿಯ ಮೇಲೆ ಮುಗಿಬಿದ್ದು ಚೆಂಡು ಕಸಿಯಲು ನೋಡುತ್ತಾರೆ, ಮೂರು-ನಾಲ್ಕು ಪಾಸಿನಲ್ಲಿ ಮೈದಾನ ದಾಟುತ್ತಾರೆ. 70ನೇ ನಿಮಿಷದ ಹೊತ್ತಿಗೆ ಬದಲಿಗಳು ಇಳಿದರೆ ಪಾಸು ಅರ್ಧ ಗಜ ಹಿಂದೆ ಬೀಳಲು ಶುರುವಾಗುತ್ತದೆ, ಎರಡೂ ತಂಡಗಳ ನಡುಭಾಗ ಬಿಚ್ಚಿಕೊಳ್ಳುತ್ತದೆ, ಆಟ ಆ ತುದಿ ಈ ತುದಿ ಓಟವಾಗುತ್ತದೆ. ನೋಡಲು ಮಜಾ ಇದೆ, ಗೋಲುಗಳೂ ಬೀಳುತ್ತವೆ. ಆದರೆ ಅದು ಉತ್ತಮ ಆಟ ಅಲ್ಲ.

ನನ್ನ ಕಣ್ಣನ್ನು ನಂಬಬೇಕಿಲ್ಲ, ಮೆಕ್ಸಿಕೊ ತಂಡಗಳ ಎದುರಿನ ಫೈನಲ್‌ಗಳನ್ನು ನೋಡಿ. ಉತ್ತರ ಅಮೆರಿಕ ಖಂಡದ ಕಾನ್ಕಕಾಫ್ ಚಾಂಪಿಯನ್ಸ್ ಟೂರ್ನಿಯಲ್ಲಿ 2011ರಲ್ಲಿ ರಿಯಲ್ ಸಾಲ್ಟ್ ಲೇಕ್, 2015ರಲ್ಲಿ ಮಾಂಟ್ರಿಯಲ್, 2018ರಲ್ಲಿ ಟೊರೊಂಟೊ (ಪೆನಾಲ್ಟಿಯಲ್ಲಿ, ಪಾಪ), 2020 ಮತ್ತು 2023ರಲ್ಲಿ ಲಾಸ್ ಏಂಜಲೀಸ್‌ನ ಇನ್ನೊಂದು ತಂಡ ಎಲ್‌ಎಎಫ್‌ಸಿ, 2024ರಲ್ಲಿ ಕೊಲಂಬಸ್, ಎಲ್ಲರೂ ಫೈನಲ್‌ವರೆಗೆ ಹೋಗಿ ಮೆಕ್ಸಿಕೊ ತಂಡಗಳಿಗೆ ಸೋತರು. 2025ರ ಫೈನಲ್‌ನಲ್ಲಿ ವ್ಯಾಂಕೂವರ್‌ಗೆ ಮೆಕ್ಸಿಕೊದ ಕ್ರೂಸ್ ಅಜುಲ್ ಹೊಡೆದದ್ದು 5-0. ಈ ಸಾಲಿನ ನಡುವೆ ಗೆದ್ದದ್ದು 2022ರ ಸಿಯಾಟಲ್ ಸೌಂಡರ್ಸ್ ಒಂದೇ, 68 ಸಾವಿರಕ್ಕೂ ಹೆಚ್ಚು ಜನರ ಮುಂದೆ. ಪೋರ್ಟ್‌ಲ್ಯಾಂಡ್ ಕಡೆಯವನಾಗಿ ನಮ್ಮ ಬದ್ಧ ಎದುರಾಳಿಗಳಾದ ಸಿಯಾಟಲ್‌ನವರನ್ನು ಹೊಗಳುವುದು ಬಾಯಿಗೆ ಬರುವುದಿಲ್ಲ, ಆದರೂ ಇದ್ದದ್ದನ್ನು ಹೇಳಬೇಕಲ್ಲ. 2025ರ ಕ್ಲಬ್ ವಿಶ್ವಕಪ್ಪಿನಲ್ಲೂ ಅದೇ ಚಿತ್ರ: ಮಯಾಮಿ ತಂಡ ಪೋರ್ಚುಗಲ್‌ನ ಪೋರ್ಟೊವನ್ನು 2-1ರಿಂದ ಸೋಲಿಸಿತು, ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಪಿಎಸ್‌ಜಿ ಎದುರು 4-0 ಮಣ್ಣುಮುಕ್ಕಿತು.

ಸಂಬಳದ ಮಿತಿಯ ಅದೇ ನಿಯಮಕ್ಕೆ ಒಳ್ಳೆಯ ಮುಖವೂ ಇದೆ. ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಋತು ಶುರುವಾಗುವ ಆಗಸ್ಟ್ ತಿಂಗಳಲ್ಲೇ ಚಾಂಪಿಯನ್ ಯಾರು ಅಂತ ಬಾಜಿ ಕಟ್ಟಬಹುದು. ಇಲ್ಲಿ ಆಗುವುದಿಲ್ಲ. 2024ರಲ್ಲಿ ಮಯಾಮಿ 74 ಅಂಕ ಗಳಿಸಿ ಲೀಗಿನ ದಾಖಲೆ ಮಾಡಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಅದನ್ನು ಮನೆಗೆ ಕಳಿಸಿದ್ದು 40 ಅಂಕದ, ಕೋಚ್ ಕೂಡ ಹಂಗಾಮಿಯಾಗಿದ್ದ ಅಟ್ಲಾಂಟಾ. ಮಯಾಮಿಗೆ ಎಂಎಲ್‌ಎಸ್ ಕಪ್ ಸಿಕ್ಕಿದ್ದು 2025ರ ಡಿಸೆಂಬರಿನಲ್ಲಿ, ವ್ಯಾಂಕೂವರ್ ಎದುರು 3-1ರಿಂದ.

ಇನ್ನು ಪಿಂಚಣಿ ಲೀಗು ಅನ್ನುವ ಮಾತು. ಮೆಸ್ಸಿ, 2025ರವರೆಗೆ ಅವರ ಜೊತೆ ಮಯಾಮಿಯಲ್ಲಿ ಆಡಿದ ಬುಸ್ಕೆಟ್ಸ್, ವ್ಯಾಂಕೂವರ್‌ನಲ್ಲಿ ಥಾಮಸ್ ಮುಲ್ಲರ್, ಇವರನ್ನೆಲ್ಲ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಲೀಗಿನ ಬೆನ್ನೆಲುಬು ಬೇರೆ ಥರದವರು. ನಮ್ಮ ಟಿಂಬರ್ಸ್‌ನ ಡಿಯೆಗೊ ವಲೇರಿಯನ್ನೇ ತೆಗೆದುಕೊಳ್ಳಿ. ಅರ್ಜೆಂಟೀನಾದ ಲಾನುಸ್ ಕ್ಲಬ್ಬಿನಿಂದ 2013ರಲ್ಲಿ ಬಂದಾಗ ವಯಸ್ಸು ಮೂವತ್ತೂ ಆಗಿರಲಿಲ್ಲ. 2015ರ ಎಂಎಲ್‌ಎಸ್ ಕಪ್ ಫೈನಲ್‌ನಲ್ಲಿ ಕೊಲಂಬಸ್ ಗೋಲ್‌ಕೀಪರ್ ಸ್ಟೀವ್ ಕ್ಲಾರ್ಕ್ ಚೆಂಡು ಕಾಲಲ್ಲಿಟ್ಟುಕೊಂಡು ಒಂದು ಕ್ಷಣ ತಡಮಾಡಿದರು, ವಲೇರಿ ಜಾರಿ ಬಂದು ಅಡ್ಡ ಕಾಲಿಟ್ಟರು, 27ನೇ ಸೆಕೆಂಡಿಗೆ ಗೋಲು. ಟಿಂಬರ್ಸ್ ಗೆದ್ದರು. ತಮಾಷೆಯೆಂದರೆ ಅದೇ ಕ್ಲಾರ್ಕ್ ಕೆಲವು ವರ್ಷಗಳ ನಂತರ ಟಿಂಬರ್ಸ್‌ಗೇ ಬಂದು ಕೀಪರ್ ಆದರು, ವಲೇರಿ ಜೊತೆಗೇ ಆಡಿದರು.

ಈಗ ದಕ್ಷಿಣ ಅಮೆರಿಕದ ಹುಡುಗರಿಗೂ ಇಲ್ಲಿನ ಹುಡುಗರಿಗೂ ಇದು ಯುರೋಪಿಗೆ ಹೋಗುವ ಮೆಟ್ಟಿಲು. ಪರಾಗ್ವೆಯ ಮಿಗೆಲ್ ಅಲ್ಮಿರೊನ್ ಅಟ್ಲಾಂಟಾದಿಂದ 2019ರಲ್ಲಿ ನ್ಯೂಕ್ಯಾಸಲ್‌ಗೆ ಹೋದರು. ಘಾನಾದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ ಕೆನಡಾದ ಎಡ್ಮಂಟನ್‌ನಲ್ಲಿ ಬೆಳೆದ ಅಲ್ಫಾನ್ಸೊ ಡೇವಿಸ್ ವ್ಯಾಂಕೂವರ್‌ನಲ್ಲಿ ಆಡಿ ಬಯರ್ನ್ ಮ್ಯೂನಿಕ್ ಸೇರಿ 2020ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು. ಅಮೆರಿಕ ರಾಷ್ಟ್ರೀಯ ತಂಡದ ಟೈಲರ್ ಆಡಮ್ಸ್ ನ್ಯೂಯಾರ್ಕ್ ರೆಡ್ ಬುಲ್ಸ್ ಅಕಾಡೆಮಿಯವರು. ಮೊದಲು ಕಾಲೇಜು ಆಟದ ಮೇಲೆ ನಿಂತಿದ್ದ ದೇಶದಲ್ಲಿ ಕ್ಲಬ್ಬುಗಳೇ ಹುಡುಗರನ್ನು ಬೆಳೆಸಲು ಶುರುಮಾಡಿದ್ದು ನನ್ನ ಲೆಕ್ಕದಲ್ಲಿ ಮೆಸ್ಸಿ ಬಂದದ್ದಕ್ಕಿಂತ ದೊಡ್ಡ ಸುದ್ದಿ.

ಹೆಂಗಸರ ಲೀಗಿನ ಬಗ್ಗೆ ನೀವು ಕೇಳಿಲ್ಲ, ಆದರೆ ಗುಣಮಟ್ಟದ ಮಾತು ಬಂದರೆ ಅದನ್ನೇ ಮೊದಲು ಹೇಳಬೇಕಿತ್ತು. 2013ರಿಂದ ನಡೆಯುತ್ತಿರುವ ಎನ್‌ಡಬ್ಲ್ಯುಎಸ್‌ಎಲ್ ಜಗತ್ತಿನ ಅತ್ಯುತ್ತಮ ಮಹಿಳಾ ಲೀಗುಗಳಲ್ಲಿ ಒಂದು. ಅದಕ್ಕೂ ಮೊದಲು ಎರಡು ಲೀಗುಗಳು ಶುರುವಾಗಿ ಮುಚ್ಚಿಹೋಗಿದ್ದವು. ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಮೂರು ಸಲ ಗೆದ್ದಿದೆ, ಆಡುವುದು ಅದೇ ಪ್ರಾವಿಡೆನ್ಸ್ ಪಾರ್ಕ್‌ನಲ್ಲಿ. ಕ್ಯಾನ್ಸಸ್ ಸಿಟಿಯಲ್ಲಿ 2024ರಲ್ಲಿ ಮಹಿಳಾ ತಂಡಕ್ಕೆಂದೇ ಒಂದು ಸ್ಟೇಡಿಯಂ ತೆರೆಯಿತು.

ಕ್ಯಾನ್ಸಸ್ ಸಿಟಿ ಅಂದಾಗ ನೆನಪಾಯಿತು. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 2010ರಲ್ಲಿ ಆ ಊರಿನ ಎಂಎಲ್‌ಎಸ್ ತಂಡಕ್ಕೆ, ಆಗಿನ ಹೆಸರು ವಿಜರ್ಡ್ಸ್, ಸಹಿ ಹಾಕಿದ್ದರು. ಲೀಗಿನಲ್ಲಿ ಆಡುವ ಅವಕಾಶ ಮಾತ್ರ ಸಿಗಲಿಲ್ಲ. ಭಾರತದ ಕ್ಯಾಪ್ಟನ್ ಮಟ್ಟದವನಿಗೆ ಆ ಕಾಲದ ಎಂಎಲ್‌ಎಸ್ ಬೆಂಚೇ ದಾಟಲಾಗದ್ದಾಗಿತ್ತು ಅನ್ನುವುದು ನಮಗೊಂದು ಅಳತೆ. ಆ ಬೆಂಚ್ ಇವತ್ತು ಇನ್ನೂ ಗಟ್ಟಿಯಾಗಿದೆ. ನಾನು ಮೇಲೆ ಗೊಣಗಿದ್ದು ಯುರೋಪು-ಮೆಕ್ಸಿಕೊ ಪಕ್ಕದಲ್ಲಿಟ್ಟು ಹೋಲಿಸಿದಾಗಿನ ಮಾತು.

ಮುಂದೇನು? 2027ರ ಜುಲೈನಿಂದ ಲೀಗು, ವರ್ಷದ ಮಧ್ಯದಲ್ಲಿ ಶುರುವಾಗಿ ಮುಂದಿನ ವರ್ಷದ ಮಧ್ಯದಲ್ಲಿ ಮುಗಿಯುವ ಯುರೋಪಿನ ಕ್ಯಾಲೆಂಡರಿಗೆ ಬದಲಾಗುತ್ತದೆ, ಆಟಗಾರರನ್ನು ಕೊಳ್ಳುವುದು ಮಾರುವುದು ಸಲೀಸಾಗುತ್ತದೆ. ಎಂಎಲ್‌ಎಸ್‌ನಲ್ಲಿ ಕೊನೆಗೆ ಬಂದ ತಂಡ ಕೆಳಗಿಳಿಯುವ ಪದ್ಧತಿ ಇಲ್ಲ, 50 ಕೋಟಿ ಡಾಲರ್ ಕೊಟ್ಟವರು ಅದಕ್ಕೆ ಒಪ್ಪುವುದೂ ಇಲ್ಲ. ಯುಎಸ್‌ಎಲ್ ಅನ್ನುವ ಇನ್ನೊಂದು ಸಂಸ್ಥೆ ತನ್ನ ಲೀಗುಗಳಲ್ಲಿ ಅದನ್ನು ತರಲು 2025ರಲ್ಲಿ ತೀರ್ಮಾನಿಸಿದೆ. ಆದರೆ ಆಟದ ಮಟ್ಟ ಏರಬೇಕಾದರೆ ಆಗಬೇಕಾದ್ದು ಒಂದೇ: ಸಂಬಳದ ಮಿತಿ ಸಡಿಲವಾಗಬೇಕು. ನಾಲ್ಕನೇ ನಕ್ಷತ್ರ ಬೇಡ, ಹದಿನೈದನೇ ಆಟಗಾರನಿಗೆ ನಾಲ್ಕು ಕಾಸು ಜಾಸ್ತಿ ಕೊಡಲಿ.

ನೋಡುವ ಮನಸ್ಸಿದ್ದರೆ ಮಯಾಮಿ ಪಂದ್ಯದಿಂದ ಶುರು ಮಾಡಬೇಡಿ, ಕ್ಯಾಮೆರಾ ಮೆಸ್ಸಿಯನ್ನು ಬಿಟ್ಟು ಕದಲುವುದಿಲ್ಲ. ಪೋರ್ಟ್‌ಲ್ಯಾಂಡ್-ಸಿಯಾಟಲ್ ಹಾಕಿಕೊಳ್ಳಿ. 2026ರಿಂದ ಎಲ್ಲ ಪಂದ್ಯಗಳೂ ಆಪಲ್ ಟಿವಿಯ ಮಾಮೂಲಿ ಚಂದಾದೊಳಗೇ ಬರುತ್ತವೆ. ಇಲ್ಲಿನ ಬೇಸಿಗೆಯಲ್ಲಿ ಪೂರ್ವ ಕರಾವಳಿಯ ಸಂಜೆ ಏಳೂವರೆಯ ಪಂದ್ಯ ನಿಮಗೆ ಬೆಳಗಿನ ಜಾವ ಐದಕ್ಕೆ, ಪಶ್ಚಿಮ ಕರಾವಳಿಯದು ಬೆಳಿಗ್ಗೆ ಎಂಟಕ್ಕೆ. ಭಾನುವಾರದ ತಿಂಡಿ ಹೊತ್ತಿಗೆ ಸರಿಹೋಗುತ್ತದೆ.